ಟಚಿಂಗಕ್ಕನ ತೊಂಬತ್ತು ದಿನ

ಮೂವತ್ತನಾಲ್ಕು ವರ್ಷಗಳಿಂದ ಅವಳು ಬೇರೆಯವರ ಮುಖದ ಕಲೆ ಅಳಿಸುತ್ತ ಬಂದಿದ್ದಳು. ಮೊದಲು ನೆಗೆಟಿವಿನ ಮೇಲೆ, ಚೂಪಾದ ಪೆನ್ಸಿಲು ಹಿಡಿದು, ಕೆಳಗೆ ಬಲ್ಬು ಉರಿಯುವ ಗಾಜಿನ ಮೇಜಿನ ಮುಂದೆ ಬೆನ್ನು ಬಗ್ಗಿಸಿ; ಕಂಪ್ಯೂಟರ್ ಬಂದ ಮೇಲೆ ಮೌಸು ಹಿಡಿದು, ಅದೇ ಬೆನ್ನು ಬಗ್ಗಿಸಿ. ಸ್ಟುಡಿಯೋದವರು ಆ ಕೆಲಸಕ್ಕೆ ಟಚಿಂಗ್ ಎನ್ನುತ್ತಾರೆ. ಹಾಗಾಗಿ ಬೀದಿಗೆಲ್ಲ ಅವಳು ಟಚಿಂಗಕ್ಕ. ಹೆತ್ತವರು ಇಟ್ಟ ಹೆಸರೊಂದಿತ್ತು, ಆದರೆ ಅದು ಪಾಸ್‌ಪೋರ್ಟಿನೊಳಗೆ ಬೆಚ್ಚಗೆ ಮಲಗಿತ್ತು.

ಸ್ಟುಡಿಯೋ ಇದ್ದದ್ದು ಔಷಧಿ ಅಂಗಡಿಯ ಮೇಲೆ. ಮೆಟ್ಟಿಲು ಎಷ್ಟು ಕಡಿದೆಂದರೆ ಫೋಟೋ ತೆಗೆಸಲು ಬಂದವರು ಮೇಲೆ ಬಂದು ಐದು ನಿಮಿಷ ಏದುಸಿರು ಬಿಟ್ಟ ಮೇಲೆಯೇ ಕ್ಯಾಮೆರಾ ಮುಂದೆ ಕೂರಬೇಕು. ಒಳಗಿನ ಸಣ್ಣ ಕೋಣೆ ಟಚಿಂಗಕ್ಕನದು. ಅಲ್ಲಿ ಕೂತು ಅವಳು ಎಷ್ಟು ಮೊಡವೆ ಕಿತ್ತಳೋ, ಎಷ್ಟು ಕಣ್ಣುಗಳ ಕೆಳಗಿನ ಕಪ್ಪು ತೊಳೆದಳೋ, ಲೆಕ್ಕವಿಟ್ಟವರಿಲ್ಲ. ಅತ್ತು ಅತ್ತು ಊದಿದ ಮದುಮಗಳನ್ನು ನಗಿಸಿದ್ದಾಳೆ, ಮದುಮಗನ ಬೋಳುತಲೆಗೆ ಅಂಗೈಯಗಲ ಕೂದಲು ನಾಟಿದ್ದಾಳೆ. ಮುಂದೆ ಅದು ಬೆಳೆಯದಿದ್ದರೆ ಅವಳ ತಪ್ಪಲ್ಲ.

ಒಂದು ಬಗೆಯ ಫೋಟೋ ಮಾತ್ರ ಅವಳ ಮೇಜಿಗೆ ಬರುತ್ತಿರಲಿಲ್ಲ. ಅರ್ಜಿಗಳಿಗೆ ಅಂಟಿಸುವ ಚಿಕ್ಕ ಫೋಟೋಗಳನ್ನು ಯಜಮಾನರೇ ಹೊರಗಡೆ ತೆಗೆದು, ಹತ್ತೇ ನಿಮಿಷದಲ್ಲಿ ಮುದ್ರಿಸಿ, ಕತ್ತರಿಸಿ ಕೊಟ್ಟು ಕಳಿಸುತ್ತಿದ್ದರು. "ಸರ್ಕಾರಕ್ಕೆ ಅಂದ ಬೇಡ, ಗುರುತು ಸಾಕು" ಎನ್ನುವುದು ಹಳೆಯ ಯಜಮಾನರ ಮಾತು. ಅವರು ಹೋಗಿ ಅವರ ಮಗ ಕೂತ ಮೇಲೂ ಅದೇ ಪದ್ಧತಿ ನಡೆಯಿತು. ಈ ಕತೆಯ ಎಡವಟ್ಟೆಲ್ಲ ಹುಟ್ಟಿದ್ದು ಅಲ್ಲೇ.

ಅವಳಿಗೆ ಹದಿನಾಲ್ಕು ತುಂಬಿದ ವರ್ಷ ತಾಯಿ ಹೆರಿಗೆಯಲ್ಲಿ ತೀರಿಕೊಂಡಳು. ಉಳಿದದ್ದು ಕೂಸು. ಅಪ್ಪ ಲಾರಿ ಓಡಿಸುವವನು; ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಶಾಲೆಗೆ ಹೋಗಬೇಕಾದ ಹುಡುಗಿ ತಂಗಿಯನ್ನು ಸೊಂಟದಲ್ಲಿಟ್ಟುಕೊಂಡು ಹಾಲಿನ ಬಾಟಲಿ ಕುದಿಸುತ್ತ ನಿಂತಳು. ಒಮ್ಮೆ ಒಲೆಯ ಮೇಲಿನ ಪಾತ್ರೆ ಮಗುಚಿತು. ಕೂಸನ್ನು ಚಕ್ಕನೆ ಬಲಗಡೆ ತಿರುಗಿಸಿದ್ದರಿಂದ ಅದಕ್ಕೆ ಒಂದು ಹನಿಯೂ ತಾಗಲಿಲ್ಲ. ಅವಳ ಎಡಗೆನ್ನೆಗೆ ಮಾತ್ರ ಕಣ್ಣಿನ ಕೆಳಗಿನಿಂದ ಕಿವಿಯ ಬುಡದವರೆಗೆ ನಾಲ್ಕು ಬೆರಳಗಲದ ಸುಟ್ಟ ಕಲೆ ಉಳಿಯಿತು.

ಮದುವೆಯ ಮಾತು ಬಂದಾಗಲೆಲ್ಲ "ತಂಗಿ ಇನ್ನೂ ಚಿಕ್ಕವಳು" ಎನ್ನುತ್ತಿದ್ದಳು. ತಂಗಿ ದೊಡ್ಡವಳಾಗುವ ಹೊತ್ತಿಗೆ ಮಾತೇ ನಿಂತುಹೋಗಿತ್ತು. ಅದಕ್ಕೆ ಅವಳು ಕೊರಗಿದ್ದನ್ನು ಯಾರೂ ನೋಡಲಿಲ್ಲ. ತಂಗಿಯನ್ನು ಓದಿಸಿದಳು, ದೂರದೇಶದ ಶೀತಲಗೃಹವೊಂದರಲ್ಲಿ ಕೆಲಸ ಮಾಡುವ ಒಳ್ಳೆಯ ಹುಡುಗನಿಗೆ ಕೊಟ್ಟು ಮದುವೆ ಮಾಡಿದಳು, ವಿಮಾನ ಹತ್ತಿಸಿ ಬಂದು ಮರುದಿನ ಎಂದಿನಂತೆ ಕೆಲಸಕ್ಕೆ ಕೂತಳು. ಹದಿಮೂರು ವರ್ಷ ಕಳೆಯಿತು. ಅಷ್ಟರಲ್ಲಿ ಮೂರು ಸಲ ತಂಗಿಯ ಬಸಿರು ನಿಂತು, ಮೂರು ಸಲವೂ ಇಳಿದುಹೋಗಿತ್ತು.

ನಾಲ್ಕನೆಯ ಸಲ ಫೋನು ಬಂದಾಗ ಟಚಿಂಗಕ್ಕ ಒಬ್ಬ ಮುದುಕನ ಫೋಟೋದಲ್ಲಿ ಮುರಿದ ಹಲ್ಲು ಕಟ್ಟುತ್ತಿದ್ದಳು.

"ಅಕ್ಕಾ, ಮೂರು ತುಂಬಿತು. ಈ ಸಲ ನಿಂತಿದೆ. ಆದ್ರೆ ಹಾಸಿಗೆ ಬಿಟ್ಟು ಏಳಬೇಡಿ ಅಂದಿದಾರೆ ಡಾಕ್ಟರು. ಇವರು ಬೆಳಗ್ಗೆ ಐದಕ್ಕೆ ಹೊರಟ್ರೆ ಸಂಜೆಗೇ ಬರೋದು. ಒಬ್ಬಳೇ ಗೋಡೆ ನೋಡ್ಕೊಂಡು ಮಲಗಿರ್ತೀನಿ. ನೀನು ಬರ್ತೀಯಾ?"

"ಬರ್ತೀನಿ."

ಫೋನಿಟ್ಟು, ಹಲ್ಲನ್ನು ಅರ್ಧಕ್ಕೇ ಬಿಟ್ಟು ಹೊರಗೆ ಬಂದಳು. ಯಜಮಾನ ಕ್ಯಾಮೆರಾ ಒರೆಸುತ್ತಿದ್ದ. ಚಡ್ಡಿ ಹಾಕುತ್ತಿದ್ದ ಕಾಲದಿಂದ ಕಂಡವನಾದ್ದರಿಂದ ಗಿರಾಕಿಗಳ ಮುಂದೆ "ಯಜಮಾನ್ರೇ" ಎಂದರೂ, ಯಾರೂ ಇಲ್ಲದಾಗ ಅವಳಿಗೆ ಅವನು "ಲೋ" ಆಗಿಯೇ ಉಳಿದಿದ್ದ.

"ಲೋ, ಈ ವೀಸಾ ಅನ್ನೋದು ಎಲ್ಲಿ ಸಿಗುತ್ತೋ?"

"ಹಾಗೆ ಸಿಗೋ ಹಾಗಿದ್ರೆ ಕೆಳಗಿನ ಔಷಧಿ ಅಂಗಡಿಯವನೇ ಮಾತ್ರೆ ಪಟ್ಟಿ ಥರ ಮಾರ್ತಿದ್ದ ಅಕ್ಕಾ" ಎಂದ ಅವನು. ಅವಳ ಮುಖ ನೋಡಿದ ಮೇಲೆ ತಮಾಷೆ ಬಿಟ್ಟು, ಏನಾಯಿತೆಂದು ಕೇಳಿದ.

ಹೆರಿಗೆಗೆ ತಂಗಿ ತವರಿಗೆ ಬರುವಂತಿಲ್ಲ. ಹಾಗಿದ್ದರೆ ತವರೇ ಎದ್ದು ಹೋಗಬೇಕು. ತಂಗಿಯ ಪಾಲಿನ ತವರೆಂದರೆ ಒಂದೂವರೆ ಕೋಣೆಯ ಬಾಡಿಗೆ ಮನೆ ಮತ್ತು ಈ ಅಕ್ಕ. ಮನೆಯನ್ನು ಹೊತ್ತೊಯ್ಯುವಂತಿರಲಿಲ್ಲ.

ಎರಡು ಬೀದಿಯಾಚೆ ಒಬ್ಬ ವೀಸಾ ಏಜೆಂಟ್ ಇದ್ದ. ಏನೇ ಕೇಳಿದರೂ "ಆಗೋಯ್ತು ಅನ್ಕೊಳ್ಳಿ" ಎನ್ನುವುದರಿಂದ ಜನ ಅವನನ್ನು ಆಗೋಯ್ತಪ್ಪ ಎಂದೇ ಕರೆಯುತ್ತಿದ್ದರು. ಆಗದೆ ಉಳಿದವರ ಕಡತಗಳು ಅವನ ಬೆನ್ನ ಹಿಂದೆ ಸೂರಿನವರೆಗೆ ಏರಿದ್ದವು.

"ಮೂವತ್ತು ದಿನದ ಪ್ರವಾಸಿ ವೀಸಾ ಆದ್ರೆ ಕಣ್ಮುಚ್ಚಿ ಕೊಡ್ತಾರಮ್ಮ. ನಿಮಗೆ ಬೇಕಿರೋದು ಆರು ತಿಂಗಳು. ದೀರ್ಘಾವಧಿ ಅಂತ ಅದಕ್ಕೆ ಬೇರೆ ಮೆರವಣಿಗೆ ಇದೆ."

ಮೆರವಣಿಗೆ ಸಣ್ಣದಾಗಿರಲಿಲ್ಲ. ತಂಗಿಯ ಮನೆಯವರು ಅಲ್ಲಿಯ ಕಚೇರಿಯಲ್ಲಿ ಮುದ್ರೆ ಹಾಕಿಸಿದ ಆಹ್ವಾನಪತ್ರ ಕಳಿಸಬೇಕು. ಅವರ ಮನೆಯಲ್ಲಿ ಇನ್ನೊಬ್ಬರು ಮಲಗಲು ಜಾಗವಿದೆಯೆಂದು ಮನೆಯ ನಕ್ಷೆ ಬೇಕು. ಕಾಯಿಲೆ ಬಿದ್ದರೆ ಇರಲಿ ಎಂದು ವಿಮೆ, ಬ್ಯಾಂಕಿನವರ ಕಾಗದ, ಹೋಗುವ ಟಿಕೆಟ್ಟಿಗೆ ಮೊದಲೇ ಬರುವ ಟಿಕೆಟ್ಟು. ಅದಲ್ಲದೆ ಅಲ್ಲಿ ಯಾವ ದಿನ ಎಲ್ಲೆಲ್ಲಿ ಸುತ್ತುತ್ತೀರಿ ಎಂಬ ದಿನವಹಿ ಪಟ್ಟಿ. ಎಲ್ಲಕ್ಕಿಂತ ದೊಡ್ಡದು, ಸುತ್ತಾಡಿ ಮುಗಿದ ಮೇಲೆ ವಾಪಸ್ ಬಂದೇ ಬರುತ್ತೀರಿ ಎನ್ನುವುದಕ್ಕೆ ಪುರಾವೆ.

"ವಾಪಸ್ ಬರದೆ ಇನ್ನೆಲ್ಲಿಗೆ ಹೋಗ್ಲಪ್ಪ?"

"ಅದನ್ನೇ ಕಾಗದದಲ್ಲಿ ಕೊಡಿ ಅಂತಾರೆ. ಗಂಡ, ಮಕ್ಕಳು, ಸ್ವಂತ ಮನೆ?"

ಮೂರಕ್ಕೂ ಅವಳು ಇಲ್ಲವೆಂದು ತಲೆಯಾಡಿಸಿದಳು. ಅರ್ಜಿ ನಮೂನೆ ಬರೆದವರಿಗೆ ಅಕ್ಕತಂಗಿಯರು ಇರಲಿಲ್ಲವೆಂದು ಕಾಣುತ್ತದೆ. ಒಂದು ಊರಿಗೂ ಒಬ್ಬ ಹೆಂಗಸಿಗೂ ಇರುವ ನಂಟು ಈ ಮೂರೇ ಬಗೆಯದೆಂದು ಅವರು ನಂಬಿಕೊಂಡಿದ್ದರು.

"ಇರ್ಲಿ, ಯಜಮಾನರ ಹತ್ತಿರ ಕೆಲಸದ ಪತ್ರ ಬರೆಸಿ. ಸುತ್ತಾಟದ ಪಟ್ಟಿ ನಾನು ಮಾಡ್ತೀನಿ" ಎಂದು ಆಗೋಯ್ತಪ್ಪ ಅಲ್ಲೇ ಟೈಪು ಮಾಡತೊಡಗಿದ. ಜಲಪಾತ, ಅರಮನೆ, ವಸ್ತುಸಂಗ್ರಹಾಲಯ, ಮತ್ತೆ ಜಲಪಾತ.

"ನಾನು ಜಲಪಾತ ನೋಡೋಕೆ ಹೋಗ್ತಿಲ್ವಲ್ಲ. ಬಾಣಂತನಕ್ಕೆ ಹೋಗ್ತಿರೋದು."

"ಅಯ್ಯೋ, ಆ ಮಾತು ಆಡ್ಬೇಡಿ! ಆಡಿದ್ರೆ ಆಯಾ ಕೆಲಸಕ್ಕೆ ಹೋಗ್ತಿದೀರಿ ಅಂತ ಬಾಗಿಲು ಹಾಕ್ತಾರೆ. ಪ್ರವಾಸಿ ಅಂದ್ಮೇಲೆ ಪ್ರವಾಸ ಮಾಡ್ಬೇಕು."

ಅವಳಿಗೆ ಅದು ಸರಿಬರಲಿಲ್ಲ. ಆದರೆ ಬಲ್ಲವನು ಅವನು, ಗರಜು ತನ್ನದು. ಸಹಿ ಹಾಕಿದಳು.

ಕಾಗದಗಳೆಲ್ಲ ಕೂಡಿಬರಲು ಮೂರು ವಾರ ಹಿಡಿಯಿತು. ಕೊನೆಯ ದಿನ ಆಗೋಯ್ತಪ್ಪನ ಫೋನು: "ಫೋಟೋ ಎಲ್ಲಮ್ಮ? ನಾಲ್ಕು ಗಂಟೆಯೊಳಗೆ ಬೇಕು." ಯಜಮಾನ ಮದುವೆಯೊಂದರ ಫೋಟೋಗೆ ಹೋಗಿದ್ದ. ಅದರಲ್ಲೇನು ಮಹಾ, ಮೂವತ್ತನಾಲ್ಕು ವರ್ಷ ಸ್ಟುಡಿಯೋದಲ್ಲಿ ಸವೆದವಳು ತಾನೆಂದು ಟಚಿಂಗಕ್ಕ ಬಿಳಿ ಪರದೆ ಇಳಿಬಿಟ್ಟು, ಕ್ಯಾಮೆರಾಕ್ಕೆ ಟೈಮರ್ ಕೊಟ್ಟು, ಸ್ಟೂಲಿನ ಮೇಲೆ ಕೂತಳು. ಎರಡೂ ಕಿವಿ ಕಾಣಬೇಕು, ಕಂಡವು. ನಗಬಾರದು, ನಗಲಿಲ್ಲ. ಫೋಟೋವನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಎಂದಿನ ಕುರ್ಚಿಯಲ್ಲಿ, ಎಂದಿನಂತೆ ಕೆಲಸ ಮುಗಿಸಿ, ಅಳತೆಗೆ ಕತ್ತರಿಸಿ ಓಡಿದಳು. ಆಗೋಯ್ತಪ್ಪ ಫೋಟೋದ ಉದ್ದಗಲ ಅಳೆದನೇ ಹೊರತು ಮುಖ ನೋಡಲಿಲ್ಲ.

ಮೂರು ವಾರದ ಮೇಲೆ ಅರ್ಜಿ ಹಿಂದಿರುಗಿತು. ಜೊತೆಗೆ ಎರಡು ಸಾಲಿನ ಕಾಗದ: ಅರ್ಜಿದಾರರ ಭಾವಚಿತ್ರವು ಪಾಸ್‌ಪೋರ್ಟಿನ ಭಾವಚಿತ್ರಕ್ಕೆ ಹೊಂದುತ್ತಿಲ್ಲ. ಅರ್ಜಿದಾರರು ಖುದ್ದು ಹಾಜರಾಗತಕ್ಕದ್ದು.

"ಇದೇನಿದು? ನಾನೇ ಅಲ್ವಾ?" ಎಂದು ಅವಳು ಎರಡನ್ನೂ ಯಜಮಾನನ ಮುಂದೆ ಹಿಡಿದಳು. ಅವನು ಪಾಸ್‌ಪೋರ್ಟು ನೋಡಿದ, ಫೋಟೋ ನೋಡಿದ, ಅವಳನ್ನು ನೋಡಿದ. ಹಣೆ ಹಣೆ ಚಚ್ಚಿಕೊಂಡ.

"ಅಕ್ಕಾ, ಟಚಿಂಗ್ ಮಾಡ್ಬಿಟ್ಟಿದೀರಲ್ಲಾ!"

ಎಡಗೆನ್ನೆ ಹಾಲಿನ ಕೆನೆಯ ಹಾಗೆ ನುಣ್ಣಗಿತ್ತು. ಕಣ್ಣಿನ ಕೆಳಗಿನ ಕಪ್ಪಿಲ್ಲ, ಮೂಗಿನ ಪಕ್ಕದ ಗೆರೆಯಿಲ್ಲ. ಪಾಸ್‌ಪೋರ್ಟಿನ ಫೋಟೋ ಆ ಕಚೇರಿಯವರೇ ತೆಗೆದದ್ದು, ಅದರಲ್ಲಿ ಎಲ್ಲವೂ ಇದ್ದಂತೆ ಇತ್ತು. ಸಂಚು ಮಾಡಿ ಅಳಿಸಿದ್ದಳೇ ಎಂದರೆ ಖಂಡಿತ ಇಲ್ಲ. ಪರದೆಯ ಮೇಲೆ ಒಂದು ಮುಖ ಬಂತು, ಕಲೆಯಿತ್ತು, ಕೈ ಅದರ ಪಾಡಿಗೆ ಅದು ಅಳಿಸಿತು. ಅದು ತನ್ನ ಮುಖವೆಂಬುದೂ ಕೈಗೆ ಹೊಳೆದಿರಲಿಲ್ಲ. ಆದರೆ ಇದನ್ನು ಯಾವ ಸರ್ಕಾರ ನಂಬುತ್ತದೆ? ತಂಗಿಗೆ ಆಗಲೇ ನಾಲ್ಕೂವರೆ ತಿಂಗಳು. ತನ್ನ ಕೈಯಾರೆ ತಾನೇ ದಾರಿಗೆ ಕಲ್ಲಿಟ್ಟುಕೊಂಡೆನಲ್ಲಾ ಎಂದು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟಳು. ಕೆಳಗೆ ಔಷಧಿ ಅಂಗಡಿಯವನು ಯಾರಿಗೋ ಮೈಹುಷಾರಿಲ್ಲವೆಂದುಕೊಂಡು ನೀರು ತಂದುಕೊಟ್ಟ.

ಮರುದಿನ ಯಜಮಾನ ಅವಳನ್ನು ಸ್ಟೂಲಿನ ಮೇಲೆ ಕೂರಿಸಿದ. "ಕೈ ಎರಡೂ ತೊಡೆ ಮೇಲೆ. ಪ್ರಿಂಟು ಬರೋವರೆಗೆ ಎತ್ತೋ ಹಾಗಿಲ್ಲ" ಎಂದ. ಪ್ರಿಂಟು ಬಂತು. ಟಚಿಂಗಕ್ಕ ಅದನ್ನು ಬಹಳ ಹೊತ್ತು ನೋಡಿದಳು. ದಿನಾ ಕನ್ನಡಿಯಲ್ಲಿ ನೋಡುವ ಮುಖವೇ. ಆದರೆ ಕಾಗದದ ಮೇಲೆ ಕಂಡದ್ದು ಅರೆಬರೆ ಬಿಟ್ಟ ಕೆಲಸದ ಹಾಗಿತ್ತು. ಬೆರಳು ತುರಿಸಿತು.

"ಈ ಕಣ್ಣಿನ ಕೆಳಗಿಂದು ಒಂಚೂರು..."

"ಅಕ್ಕಾ!"

"ಆಯ್ತು ಬಿಡೋ."

ಸಂದರ್ಶನಕ್ಕೆ ಹತ್ತು ದಿನ ಕಾಯಬೇಕಾಯಿತು. ಆ ಹತ್ತೂ ದಿನ ಆಗೋಯ್ತಪ್ಪ ಅವಳಿಂದ ಸುತ್ತಾಟದ ಪಟ್ಟಿ ಬಾಯಿಪಾಠ ಮಾಡಿಸಿದ. ಏಳನೆಯ ದಿನ ಅರಮನೆ, ಹನ್ನೆರಡನೆಯ ದಿನ ಸರೋವರ. ಅವಳು ಹಲ್ಲುಜ್ಜುವಾಗಲೂ ಬಸ್ಸಿನಲ್ಲೂ ಗುಣುಗುಣಿಸಿದಳು. ಕಾಯುವ ಕೋಣೆಯ ತಣ್ಣನೆಯ ಕುರ್ಚಿಯಲ್ಲಿ ಕೂತಾಗ ಸರೋವರ ಅರಮನೆಯೊಳಗೆ ನುಗ್ಗಿ ಎಲ್ಲ ಕಲಸುಮೇಲೋಗರವಾಗಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಏನೂ ಕದಿಯದೆಯೇ ಅವಳಿಗೆ ಹಾಗಾಗಿತ್ತು.

ಗಾಜಿನ ಆಚೆ ಕೂತಿದ್ದ ಅಧಿಕಾರಿಣಿ ಆ ದೇಶದವಳೇ. ಈ ಕಡೆಯ ಭಾಷೆಯನ್ನು ಪುಸ್ತಕದಿಂದ ಕಲಿತಿದ್ದಳು, ಪುಸ್ತಕದ ಹಾಗೆಯೇ ಮಾತಾಡುತ್ತಿದ್ದಳು.

"ತಾವು ಪ್ರವಾಸದ ನಲವತ್ತೊಂದನೆಯ ದಿನದಂದು ತಂತಿಯ ತೂಗುಗಾಡಿಯಲ್ಲಿ ಪರ್ವತವನ್ನು ಏರಲಿರುವಿರಿ. ಇದು ಸತ್ಯವೇ?"

ಸ್ಟುಡಿಯೋದ ಮೆಟ್ಟಿಲು ಇಳಿಯುವಾಗಲೂ ಟಚಿಂಗಕ್ಕ ಗೋಡೆ ಹಿಡಿದು ಇಳಿಯುವವಳು.

"ಸುಳ್ಳು ಮೇಡಂ" ಎಂದಳು. ಅಂದಮೇಲೆ ಎದೆಯ ಮೇಲಿನ ಭಾರ ಇಳಿದಂತಾಯಿತು. "ನನಗೆ ಎತ್ತರ ಅಂದ್ರೆ ತಲೆ ತಿರುಗುತ್ತೆ. ಆ ಪಟ್ಟಿ ಪೂರ್ತಿ ಸುಳ್ಳು. ನಾನು ಹೋಗ್ತಿರೋದು ನನ್ನ ತಂಗಿ ಹತ್ರ. ಅವಳಿಗೆ ಐದು ತಿಂಗಳು, ಹಾಸಿಗೆ ಬಿಟ್ಟು ಏಳೋ ಹಾಗಿಲ್ಲ. ಹಾಸಿಗೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಸಿಗೆಗೆ, ಅಷ್ಟೇ ನನ್ನ ಪ್ರವಾಸ."

ಅಧಿಕಾರಿಣಿ ಹಳೆಯ ಫೋಟೋವನ್ನೂ ಪಾಸ್‌ಪೋರ್ಟನ್ನೂ ಗಾಜಿಗೆ ಒತ್ತಿ ಹಿಡಿದಳು. "ಮತ್ತು ಇದು?"

"ಅದೂ ನನ್ನದೇ ತಪ್ಪು. ನನ್ನ ಕಸುಬು ಟಚಿಂಗ್. ಮುಖದ ಕಲೆ ತೆಗೆಯೋದು. ಅಭ್ಯಾಸಬಲ, ಕೈ ತಾನಾಗಿ ತೆಗೆದುಬಿಡ್ತು."

"ಕೈ ತಾನಾಗಿ?"

ನಂಬಿಕೆ ಬಂದಿಲ್ಲವೆಂಬುದು ಸ್ಪಷ್ಟವಿತ್ತು. ಪುರಾವೆ ಎಲ್ಲಿಂದ ತರುವುದು? ಟಚಿಂಗಕ್ಕ ಅತ್ತಿತ್ತ ನೋಡಿದಳು. ಅಧಿಕಾರಿಣಿಯ ಕೊರಳಲ್ಲಿ ಗುರುತಿನ ಚೀಟಿ ತೂಗುತ್ತಿತ್ತು. ಗಾಜಿನ ಹತ್ತಿರ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದಳು. ಮುಂದಿನ ಮಾತು ಅವಳು ಯೋಚಿಸಿ ಆಡಿದ್ದಲ್ಲ.

"ನಿಮ್ಮ ಫೋಟೋಗೂ ಯಾರೋ ಟಚಿಂಗ್ ಮಾಡಿದಾರೆ ಮೇಡಂ. ಗದ್ದದ ಕೆಳಗಿನ ದಪ್ಪ ಇಳಿಸಿದಾರೆ, ಹಣೆಯ ಎರಡು ಗೆರೆ ತೆಗೆದಿದಾರೆ. ಬಲಗಿವಿ ಹತ್ತಿರ ಕೈ ಸರಿ ಕೂತಿಲ್ಲ, ಬಣ್ಣ ಒಡೆದಿದೆ. ನಾನಾಗಿದ್ರೆ ಗೊತ್ತಾಗ್ತಾನೇ ಇರಲಿಲ್ಲ."

ಅಧಿಕಾರಿಣಿಯ ಅಂಗೈ ತಟಕ್ಕನೆ ಚೀಟಿಯ ಮೇಲೆ ಹೋಯಿತು. ಕಿವಿ ಕೆಂಪಾಯಿತು. ಸತ್ತೆ ಎಂದುಕೊಂಡಳು ಟಚಿಂಗಕ್ಕ. ಪಕ್ಕದ ಕಿಟಕಿಯ ಗುಮಾಸ್ತ ಕೆಮ್ಮಿದ ನೆಪದಲ್ಲಿ ನಕ್ಕ. ಆಮೇಲೆ ಅಧಿಕಾರಿಣಿಯೂ ನಕ್ಕಳು, ತಡೆದುಕೊಳ್ಳಲಾರದೆ.

"ಬಂಧುಗಳ ಭೇಟಿ ಎಂಬ ಅಂಕಣವು ಇದೇ ಅರ್ಜಿಯಲ್ಲಿಯೇ ಇದೆ. ಅದನ್ನು ತುಂಬಿದ್ದರೆ ಸಾಕಾಗುತ್ತಿತ್ತು. ಪರ್ವತವನ್ನು ಏಕೆ ಏರಿದಿರಿ?" ಎಂದು ಹೊಸ ನಮೂನೆಯೊಂದನ್ನು ಗಾಜಿನ ಕೆಳಗಿನ ಕಂಡಿಯಿಂದ ತಳ್ಳಿದಳು. ನಗು ಹೋಗಿ ಮುಖ ಮತ್ತೆ ಕಚೇರಿಯದಾಗಿತ್ತು. "ಆದರೆ ತಮಗೆ ಪತಿ ಇಲ್ಲ, ಮಕ್ಕಳು ಇಲ್ಲ, ಗೃಹವು ಬಾಡಿಗೆಯದು. ಪ್ರೀತಿಯ ಏಕೈಕ ಸಹೋದರಿಯು ಅಲ್ಲಿರುವಳು. ತಾವು ಮರಳಿ ಬರುವಿರೆಂದು ನಾನು ಹೇಗೆ ನಂಬಲಿ?"

ಇದಕ್ಕೆ ಆಗೋಯ್ತಪ್ಪ ಬರೆದುಕೊಟ್ಟಿದ್ದ ಉತ್ತರವೊಂದಿತ್ತು. ಅದು ನೆನಪಿಗೆ ಬರಲಿಲ್ಲ, ಬಂದಿದ್ದರೂ ಅವಳು ಹೇಳುತ್ತಿರಲಿಲ್ಲ.

"ಅವಳನ್ನ ಬೆಳೆಸಿದ್ದು ನಾನು ಮೇಡಂ. ಇವತ್ತಿಗೂ ತಲೆನೋವು ಬಂದ್ರೆ ಮಾತ್ರೆ ತಗೊಳ್ಲಾ ಅಂತ ನನ್ನನ್ನ ಕೇಳ್ತಾಳೆ. ಬೆಳೆಸಿದವಳು ಪಕ್ಕದಲ್ಲೇ ಕೂತುಬಿಟ್ರೆ ಬೆಳೆದವಳು ತಾಯಿ ಆಗೋದು ಯಾವಾಗ? ಮಗು ಅತ್ತಾಗ ಅದು ಅವಳ ಮುಖ ನೋಡ್ಬೇಕು, ನನ್ನದಲ್ಲ. ಅದಕ್ಕೇ ಬಂದೇ ಬರ್ತೀನಿ. ಇದಕ್ಕೆ ಕಾಗದ ನನ್ನ ಹತ್ರ ಇಲ್ಲ."

ಅಧಿಕಾರಿಣಿ ತಲೆ ತಗ್ಗಿಸಿ ಏನೋ ಬರೆದುಕೊಂಡಳು. ನಿರ್ಧಾರ ತನ್ನೊಬ್ಬಳದಲ್ಲ, ಎರಡು ವಾರ ಕಾಯಬೇಕು ಎಂದಳು. ಕೊನೆಗೆ ಮಾತ್ರ ಗುರುತಿನ ಚೀಟಿಯನ್ನು ತಿರುಗಿಸಿ ನೋಡಿಕೊಳ್ಳುತ್ತ, "ಬಲಗಿವಿಯೇ?" ಎಂದು ಕೇಳಿದಳು.

"ಹೂಂ. ಹೊರಗಿನವರಿಗೆ ಕಾಣಲ್ಲ ಬಿಡಿ" ಎಂದು ಟಚಿಂಗಕ್ಕ ಸಮಾಧಾನ ಹೇಳಿ ಬಂದಳು.

ಪಟ್ಟಿಯನ್ನು ಸುಳ್ಳೆಂದು ಒಪ್ಪಿಕೊಂಡದ್ದು ಕೇಳಿ ಆಗೋಯ್ತಪ್ಪ ಕುರ್ಚಿಯಲ್ಲೇ ಕುಸಿದ. "ಮುಗೀತು. ಇನ್ನು ನನ್ನ ಕೈಯಲ್ಲಿ ಏನೂ ಇಲ್ಲಮ್ಮ" ಎಂದ. ಜೀವಮಾನದಲ್ಲಿ ಅವನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲೆಂದು ಬೀದಿಯವರು ಹೇಳುತ್ತಾರೆ. ಎರಡು ವಾರ ಹೋಗಿ ಎಂಟಾಯಿತು. ಟಚಿಂಗಕ್ಕ ಕೆಲಸ ಮಾಡುತ್ತಲೇ ಇದ್ದಳು, ಆದರೆ ಒಬ್ಬ ಗಿರಾಕಿಯ ಮೀಸೆಯನ್ನೇ ಅಳಿಸಿಬಿಟ್ಟು ಯಜಮಾನನಿಂದ ಬೈಸಿಕೊಂಡಳು.

ಲಕೋಟೆ ಬಂದ ದಿನ ಅದನ್ನು ಒಡೆಯಲು ಅವಳಿಗೆ ಧೈರ್ಯವಾಗಲಿಲ್ಲ. ಯಜಮಾನನೇ ಒಡೆದ. ಪಾಸ್‌ಪೋರ್ಟಿನ ಹಾಳೆ ತಿರುವಿದ. ವೀಸಾ ಕೂತಿತ್ತು. ಕೇಳಿದ್ದು ಆರು ತಿಂಗಳು, ಕೊಟ್ಟದ್ದು ತೊಂಬತ್ತು ದಿನ.

ಗೋಡೆಯ ಕ್ಯಾಲೆಂಡರನ್ನು ಕೆಳಗಿಳಿಸಿ ಇಬ್ಬರೂ ಬೆರಳು ಮಡಿಸುತ್ತ ಎಣಿಸಿದರು. ಬರುವ ವಾರದ ವಿಮಾನ ಹಿಡಿದರೆ ಡಾಕ್ಟರು ಕೊಟ್ಟ ದಿನ ಎಪ್ಪತ್ತೊಂದನೆಯದಕ್ಕೆ ಬೀಳುತ್ತಿತ್ತು. ಆಮೇಲೆ ಹತ್ತೊಂಬತ್ತು ದಿನ ಉಳಿಯುತ್ತಿತ್ತು. ಸಾಲದು. ಆದರೆ ಸಾಕು ಎಂದು ಟಚಿಂಗಕ್ಕ ಗಟ್ಟಿಯಾಗಿ ಹೇಳಿಕೊಂಡಳು. ಹತ್ತೊಂಬತ್ತು ದಿನದಲ್ಲಿ ಕೂಸಿನ ಕತ್ತು ಹಿಡಿಯುವುದು, ಮೀಯಿಸುವುದು, ತೇಗಿಸುವುದು ಎಲ್ಲ ಕಲಿಸಬಹುದು. ಅವಳಿಗೆ ಹದಿನಾಲ್ಕನೆಯ ವಯಸ್ಸಿನಲ್ಲಿ ಅದನ್ನು ಯಾರೂ ಕಲಿಸಿರಲಿಲ್ಲ.

ತಂಗಿಗೆ ಫೋನು ಮಾಡಿದಳು. ವೀಸಾ ಸಿಕ್ಕಿತೆಂದಾಗ ಆಚೆಯಿಂದ ಕೂಗಾಟ ಬರಬಹುದೆಂದುಕೊಂಡಿದ್ದಳು. ಬಂದದ್ದು ಒಂದು ಸಣ್ಣ "ಹೂಂ".

"ಯಾಕೆ ಪುಟ್ಟೀ? ದಿನ ಕಮ್ಮಿ ಆಯ್ತು ಅಂತಾನಾ?"

"ಅಲ್ಲ ಅಕ್ಕಾ. ಒಂದು ಕೇಳ್ಲಾ? ಯಾವತ್ತೂ ಕೇಳಿಲ್ಲ. ನಾನು ಹುಟ್ಟಿದ ದಿನ ಅಮ್ಮನ ಪಕ್ಕ ಯಾರಿದ್ರು?"

ಟಚಿಂಗಕ್ಕ ಕುರ್ಚಿಗೆ ಒರಗಿದಳು. ಮೂವತ್ತೊಂಬತ್ತು ವರ್ಷ ಈ ಪ್ರಶ್ನೆಗೆ ಹೆದರಿಕೊಂಡೇ ಬದುಕಿದ್ದಳು.

"ಯಾರೂ ಇರಲಿಲ್ಲ. ಆಸ್ಪತ್ರೆಯವರು ಒಳಗೆ ಬಿಡಲ್ಲ ಅಂದ್ರು. ನಾನು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಅಮ್ಮ ನನ್ನನ್ನ ಕೂಗಿದ್ದು ಕೇಳಿಸ್ತು. ಎದ್ದು ಹೋಗೋ ಧೈರ್ಯ ನನಗಿರಲಿಲ್ಲ ಪುಟ್ಟೀ. ಚಿಕ್ಕವಳಿದ್ದೆ."



"ನನಗೆ ಭಯ ಆಗ್ತಿದೆ ಅಕ್ಕಾ."

"ಆಗ್ಲಿ. ನನಗೂ ಆಗ್ತಿದೆ. ಆದ್ರೆ ಈ ಸಲ ನಾನು ಹೊರಗೆ ಕೂರೋಳಲ್ಲ. ಹೆರಿಗೆ ಕೋಣೆಗೂ ವೀಸಾ ಬೇಕು ಅಂತಿದ್ರೆ ಈಗಲೇ ವಿಚಾರಿಸಿ ಹೇಳು. ಫೋಟೋ ರೆಡಿ ಇದೆ, ಅರ್ಜಿ ಹಾಕ್ತೀನಿ."

ತಂಗಿ ನಕ್ಕಳು. ನಕ್ಕಳೋ ಅತ್ತಳೋ, ಅಕ್ಕ ವಿಚಾರಿಸಲು ಹೋಗಲಿಲ್ಲ. ಅಲ್ಲಿ ಚಳಿ ಎಷ್ಟಿದೆ, ಎಷ್ಟು ಸ್ವೆಟರ್ ತರಲಿ, ಬೇಗ ಹೇಳು ಎಂದಳು.